ಮಾತಷ್ಟೇ ಒಯ್ಯಬಹುದಾದ ಬಸ್ಸು

ತಿಕೋಟಾದ ಆ ಮನೆಯ ಪಡಸಾಲೆಯಲ್ಲಿ, ಹೊರಬಾಗಿಲಿನಿಂದ ಎರಡನೇ ಕಂಬಕ್ಕೆ ಭುಜ ತಾಗಿಸಿ ನಾನು ನಿಂತಿದ್ದೆ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗೋಡೆಯ ಗಡಿಯಾರ ಸ್ವಲ್ಪ ಮುಂದಿತ್ತು. ನಾನು ಹೇಳುತ್ತಿರುವುದು ನನ್ನ ಮೊಬೈಲಿನ ಸಮಯ. ನನ್ನ ಎಡಕ್ಕೆ ಚಾಪೆಯ ಅಂಚಿನಲ್ಲಿ ರೊಟ್ಟಿ ಕಾಕು ಕೂತಿದ್ದರು. ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಂಥ ಅಂಗೈಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಹೊಳೆಯುವಷ್ಟು ನುಣ್ಣಗೆ ಸವೆದಿತ್ತು, ಬೆರಳ ತುದಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

ಆ ಕೈಗಳಿಂದಲೇ ನನಗೆ ಅವರ ಪರಿಚಯವಾದದ್ದು. ನಮ್ಮ ಶಹರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ, ಪಕ್ಕದಲ್ಲಿ ಅವರ ರೊಟ್ಟಿ ಕೇಂದ್ರ; ಗಲ್ಲಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಪ್ರತಿ ತಿಂಗಳೂ ಒಲ್ಲೆ ಅನ್ನುತ್ತಿತ್ತು. ಅದಕ್ಕೊಂದು ಅರ್ಜಿ ಬರೆಸಲು ನನ್ನಲ್ಲಿಗೆ ಬಂದರು. 'ರೊಟ್ಟಿ ಬಡದು ಬಡದು ನಾ ಯಾರಂತ ನನ್ನ ಕೈಗೇ ಮರತ್ಹೋಗೇತಿ, ಹಂಗ ಬರಿ' ಅಂದರು. ನಾನು ಹಾಗೆ ಬರೆಯಲಿಲ್ಲ. ಬರೆಯಬಹುದಿತ್ತು ಎಂದು ಈಗ ಅನಿಸುತ್ತದೆ.

ಅಂದಿನಿಂದ ದಿನಾ ಒಂದೂಕಾಲಿಗೆ ಗೋಡೆಗೆ ಲಟ್ಟಣಿಗೆಯಿಂದ ಎರಡು ಸಲ ಬಡಿಯುತ್ತಿದ್ದರು. ಊಟಕ್ಕೆ ಬಾ ಎಂದು ಅರ್ಥ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನಿಂತು ತಿನ್ನಲು ಬಿಡುತ್ತಿರಲಿಲ್ಲ. ಹೆಚ್ಚು ಮಾತಿನವರಲ್ಲ. ಗಂಡ ತೀರಿ ಬಹಳ ವರ್ಷಗಳಾಗಿದ್ದವು. ಅವರ ಬಗ್ಗೆ ಕೇಳಿದರೆ, ಒಳ್ಳೆಯವರಿದ್ದರು ಎಂಬ ಒಂದೇ ಮಾತು, ಬೇಸರವಿಲ್ಲದೆ.

ಒಂದೂವರೆಗೆ ಹಿಟ್ಟಿನ ಡಬ್ಬಿಯ ಮೇಲಿನ ಸಣ್ಣ ಟಿವಿ ಹಚ್ಚುತ್ತಿದ್ದರು. ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಆದ ನಗೆ ಧಾರಾವಾಹಿ. ಅದರಲ್ಲೊಬ್ಬ ಬಸ್ ಕಂಡಕ್ಟರ್. ಹಿಂದಿನ ಸೀಟಿನಲ್ಲಿ ತೂಕಡಿಸಿದರೆ ಸಾಕು, ಎಚ್ಚರಾಗುವುದು ನಲವತ್ತು ವರ್ಷ ಹಿಂದಿನ ಬಸ್ ನಿಲ್ದಾಣದಲ್ಲಿ. ಅಲ್ಲಿ ಟೆಲಿಫೋನ್ ಬೂತಿನ ಹುಡುಗಿಯ ಮೇಲೆ ಅವನಿಗೆ ಪ್ರೀತಿ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮರಳುವ ಬಸ್ಸು ಹಾರ್ನ್ ಹಾಕುತ್ತದೆ, ಅವನು ಓಡಬೇಕು. ಕಾಣದ ಜನ ಗೊಳ್ಳೆಂದು ನಗುತ್ತಾರೆ. ಮುಗಿದ ಕಂತುಗಳನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು.

ಕಾಕುವಿನ ಜೊತೆ ರೊಟ್ಟಿ ಬಡಿಯಲು ಇಟ್ಟಂಗಿಹಾಳದಿಂದ ಒಬ್ಬಾಕೆ ಬರುತ್ತಿದ್ದಳು. ಆಕೆಗೆ ಕಂಡಕ್ಟರನನ್ನು ಕಂಡರೆ ಹೊಟ್ಟೆಯುರಿ.

'ಇಂವ ಬಸ್ಸಿನ್ಯಾಗ ಮಲಗಿ ಹುಡುಗಿ ಗಳಿಸ್ಯಾನ ನೋಡಬೇ. ನಮ್ಮನಿಯಾಂವ ಮನ್ಯಾಗ ಮಲಗಿ ಇದ್ದದ್ದೂ ಕಳದಾನ.'

ಕಾಕು ನಗುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಪರದೆಯನ್ನೇ ನೋಡುತ್ತಿದ್ದರು. ಆ ಹುಚ್ಚು ಕತೆಯಲ್ಲಿ ಏನಿದೆ ಎಂದು ನಾನು ಯೋಚಿಸಿದ್ದುಂಟು. ಹಳೆಯ ಕಾಲದ ಅಂಗಿ, ಹಳೆಯ ಹಾಡು, ಹಳೆಯ ನಾಣ್ಯ ನೋಡಿ ಜನಕ್ಕೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಕಾಕು ಹಿಡಿದದ್ದು ಬೇರೆ. ಕಂಡಕ್ಟರ್ ಈ ಕಾಲದಿಂದ ಏನು ಒಯ್ದರೂ ಅಲ್ಲಿಗೆ ತಲುಪುವುದಿಲ್ಲ. ಮೊಬೈಲ್ ಮಾಯ, ಉಂಗುರ ಮಾಯ, ಹೂವೂ ಮಾಯ. 'ಮಾತಷ್ಟ ಒಯ್ಯಾಕ ಬರ್ತೈತಿ ಅಂವಗ. ಅದನ್ನೂ ಹೇಳವಲ್ಲ' ಎಂದು ಒಮ್ಮೆ ಅಂದರು. ನಾವಿಬ್ಬರೂ ಕಂಡಕ್ಟರನ ಮಾತೆಂದೇ ತಿಳಿದೆವು.

ಅವರ ಕತೆ ನನಗೆ ತುಂಡು ತುಂಡಾಗಿ, ಸುಮಾರು ಒಂದು ತಿಂಗಳಲ್ಲಿ, ಜಾಹೀರಾತಿನ ನಡುವೆ ಗೊತ್ತಾಯಿತು. ಅವರ ತವರು ಬಬಲೇಶ್ವರ. ಹದಿನೆಂಟು ತುಂಬಿದಾಗ ತಿಕೋಟಾದಿಂದ ಕನ್ಯೆ ನೋಡಲು ಬಂದರು. ಆಗ ತಿಕೋಟಾ ಕಡೆ ನೀರಿಗೆ ಬಹಳ ತ್ರಾಸು. ಅಲ್ಲಿಗೆ ಕೊಟ್ಟರೆ ಎರಡು ಮೈಲಿ ಕೊಡ ಹೊರಬೇಕೆಂದು ಹುಡುಗಿಯರು ಹೆದರುತ್ತಿದ್ದರು. ಕನ್ಯೆ ನೋಡುವುದೆಂದರೆ ಹುಡುಗನ ತಾಯಿ ಒಲೆಯ ಮುಂದೆ ಕೂತು ಹುಡುಗಿಯ ಕೈಯಲ್ಲಿ ರೊಟ್ಟಿ ತಟ್ಟಿಸಿ ನೋಡುವ ಕಾಲ ಅದು. ಕಾಕು ಬೇಕೆಂದೇ ರೊಟ್ಟಿ ಹರಿದರು. ಒಂದಲ್ಲ, ಮೂರು.

ಆಮೇಲೆ ಹೊರಗೆ ನೀರು ಕೊಡಲು ಕಳಿಸಿದರು. ಹುಡುಗನನ್ನು ನೋಡಿದ್ದು ಆಗಲೇ. ಅವನು ಚೊಂಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಅರ್ಧ ಕುಡಿದ. ಉಳಿದದ್ದನ್ನು ಚೆಲ್ಲಲಿಲ್ಲ. ಎದ್ದು ಹೋಗಿ ಅಂಗಳದ ಕರಿಬೇವಿನ ಬುಡಕ್ಕೆ ಮೆಲ್ಲಗೆ ಹೊಯ್ದು, ಚೊಂಬನ್ನು ಬೋರಲು ಮಾಡಿ ಕಡೆಯ ಹನಿ ಬೀಳುವತನಕ ನಿಂತ. 'ಇಂಥವನ ಕೂಡ ಇದ್ರ ಎರಡ ಮೈಲಿ ಏನ ದೂರ ಇದ್ದಿದ್ದಿಲ್ಲ' ಅಂದರು ಕಾಕು. ಮೂರನೇ ದಿನ ಹುಡುಗನ ಕಡೆಯವರು ಒಲ್ಲೆವೆಂದು ಹೇಳಿಕಳಿಸಿದರು. ಹರಿದ ರೊಟ್ಟಿ ನೋಡಿ ಅತ್ತೆಯಾಗಬೇಕಾದವಳು ಒಲ್ಲೆ ಅಂದಳೆಂದು ಕಾಕು ತಿಳಿದರು. ಆ ತಾಯಿಯ ಮೇಲೆ ಸಿಟ್ಟು ಇಟ್ಟುಕೊಂಡೇ ಬದುಕಿದರು.

ಈ ಕತೆ ನನಗೆ ಗೊತ್ತಾಗಲು ಕಾರಣ ಒಂದು ಗಿರಾಕಿ. ತಿಕೋಟಾದ ಹೆಣ್ಣುಮಗಳೊಬ್ಬಳು, ಮನೆಯಲ್ಲಿ ಕಾರ್ಯವಿದೆಯೆಂದು ಖಡಕ್ ರೊಟ್ಟಿ ಹೇಳಲು ಬಂದವಳು, ಮನೆತನದ ಹೆಸರು ಬರೆಸಿದಳು; ಆ ಹುಡುಗನ ಮನೆತನವೇ ಅದು. ಮಾವನಿಗೆ ಲಕ್ವಾ ಹೊಡೆದಿದೆ, ಎಡಗೈ ಏಳುವುದಿಲ್ಲ, ಡಾಕ್ಟರರು ಹೆಚ್ಚು ಭರವಸೆ ಕೊಟ್ಟಿಲ್ಲ ಎಂದಳು. ಕಾಕುವಿನ ಕೈ ಹಿಟ್ಟಿನಲ್ಲಿಯೇ ನಿಂತಿತು. ಅದನ್ನು ನಾನು ನೋಡಿದೆ.

ಆಮೇಲೆ ನಾನಾಡಿದ ಮಾತನ್ನು ಬಿಡದೆ ಬರೆಯಬೇಕು. ತಿಂಗಳ ಕೊನೆಗೆ, ಪೂರ್ತಿ ಕತೆ ಕೇಳಿದ ದಿನ, ನಗುತ್ತ ಅಂದೆ: 'ಕಾಕು, ಆ ಕಂಡಕ್ಟರಗಾದ್ರ ನಿದ್ದಿ ಬರಬೇಕು. ನಿಮಗ ತಿಕೋಟಾಕ್ಕ ತಾಸಿಗೊಂದು ಬಸ್ಸೈತಲ್ಲ.' ಚಾಷ್ಟಿಗೆ, ಬರೀ ತಮಾಷೆಗೆ ಅಂದದ್ದು. ಅವರು ನಗಲಿಲ್ಲ.

ಎರಡು ದಿನದ ನಂತರ, ಕಂಡಕ್ಟರ್ ಬೂತಿನ ಮುಂದೆ ಬಾಯಿ ತೆರೆದು ನಿಂತಿದ್ದಾಗ, ಕಾಕು ಎದ್ದು ಟಿವಿ ಆರಿಸಿದರು. ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟರು. ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಇಟ್ಟಂಗಿಹಾಳದಾಕೆಗೆ ಅಂಗಡಿ ನೋಡಿಕೊ ಎಂದು ಹೇಳಿ ನನ್ನ ಕಡೆ ತಿರುಗಿದರು.

'ನೀ ಬಾ ತಮ್ಮಾ. ಒಬ್ಬಾಕಿನ ಹ್ಯಾಂಗ ಹೋಗ್ಲಿ.'

ಎರಡೂಕಾಲಿನ ಬಸ್ಸು ಸಿಕ್ಕಿತು. ತಿಕೋಟಾ ಹತ್ತಿರವಾದಂತೆ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಕಾಲುವೆಯಲ್ಲಿ ನೀರಿತ್ತು. ಕಾಕು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.

ಪಡಸಾಲೆಯಲ್ಲಿ ಹಿರಿಯರು, ಅಂದಿನ ಆ ಹುಡುಗ, ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ರೊಟ್ಟಿ ಹೇಳಿಹೋಗಿದ್ದ ಸೊಸೆ ಗುರುತು ಹಿಡಿದು, ಚಹಾ ತರುತ್ತೇನೆಂದು ಒಳಗೆ ಹೋದಳು. ಕಾಕು ತವರಿನ ಹೆಸರು ಹೇಳಿದರು. ಹಿರಿಯರು ಬಹಳ ಹೊತ್ತು ನೋಡಿದರು. ಬಬಲೇಶ್ವರದ ಕರಿಬೇವಿನ ಗಿಡದ ಮನಿ ಹೌದಲ್ರಿ ಎಂದು ಕೇಳಿದರು. ಕಾಕು ತಲೆಯಾಡಿಸಿದರು. ಆಮೇಲೆ, ಅಂಗಡಿಯಿಂದ ಹೊರಡುವಾಗಲೇ ಹೊಂದಿಸಿಕೊಂಡಿದ್ದರು ಅನಿಸುತ್ತದೆ, ಒಂದೇ ಉಸಿರಿಗೆ ಹೇಳಿದರು.

'ಅವತ್ತ ನಾ ಬೇಕಂತನ ರೊಟ್ಟಿ ಹರದೇನ್ರಿ. ಕೈ ಬರಲಾರದ್ದಕ್ಕಲ್ಲ. ನಿಮ್ಮ ತಾಯಿ ಸಿಟ್ಟಿಗೆದ್ದು ಒಲ್ಲೆ ಅಂದ್ರು, ಅದರಾಗ ಅವರ ತಪ್ಪಿಲ್ಲ. ಅಷ್ಟ ಹೇಳಬೇಕಿತ್ತು.'

ಹಿರಿಯರ ಮಾತು ತೊದಲುತ್ತಿತ್ತು. ಒಂದೊಂದು ಶಬ್ದಕ್ಕೂ ನಿಲ್ಲುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಇಷ್ಟು.

'ಅವ್ವ ಒಲ್ಲೆ ಅಂದಿದ್ದಿಲ್ಲ. ಹುಡುಗಿ ಹೆದರಿ ಹರದಾಳ, ಇದನ್ನ ಮಾಡೂಣು ಅಂದ್ಲು. ಒಲ್ಲೆ ಅಂದಾಂವ ನಾ.' ಸ್ವಲ್ಪ ತಡೆದರು. 'ಅವತ್ತ ನಿಮ್ಮ ಮನಿ ಬುಟ್ಟ್ಯಾಗಿನ ರೊಟ್ಟಿ ಉಂಡಿದ್ನಲ್ಲ. ಮುಂಜಾನೆ ನೀವ ಬಡದಿದ್ದಂತ ನಿಮ್ಮವರು ಹೇಳಿದ್ರು. ಒಂದೂ ಹರದಿದ್ದಿಲ್ಲ. ಅವ್ವ ಮುಂದ ಕುಂತಾಗಷ್ಟ ಮೂರೂ ಹರದು ಅಂದ್ರ ನನಗ ತಿಳೀಲಿಲ್ಲೇನು. ಹುಡುಗಿ ನನ್ನ ಒಲ್ಲೆ ಅನ್ನಾಕತ್ತಾಳ ಅಂತ ತಿಳದೆ. ಮಾತು ನಿಮ್ಮ ಮ್ಯಾಲ ಬರಬಾರದಂತ, ನನಗ ಮನಸಿಗೆ ಬರಲಿಲ್ಲ ಅಂತ ನಾನ ಹೇಳಿದೆ.'

ಒಳಬಾಗಿಲಲ್ಲಿ ಸೊಸೆ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಪಡಸಾಲೆಗೆ ಬರಲಿಲ್ಲ.

ಕಾಕು ತಲೆ ಎತ್ತಲಿಲ್ಲ. 'ನಾ ರೊಟ್ಟಿ ಹರದಾಗ ನಿಮ್ಮನ್ನ ಇನ್ನೂ ನೋಡಿದ್ದಿಲ್ರಿ' ಅಂದರು.

ಹಿರಿಯರ ಬಲಗೈ ಹೊರಸಿನ ಅಂಚನ್ನು ಹಿಡಿಯಿತು. ಏಳಲು ನೋಡಿದರೋ, ಸುಮ್ಮನೆ ಹಿಡಿದರೋ ನನಗೆ ಖಚಿತವಿಲ್ಲ. ಚಹಾ ಬಂತು, ಕುಡಿದೆವು. ನಾಲ್ಕು ಗಂಟೆಯ ಬಸ್ಸಿಗೆ ಹೊರಟೆವು.

ಮರುದಿನ ಒಂದೂಕಾಲಿಗೆ ಗೋಡೆ ಬಡಿದರು. ಒಂದೂವರೆಗೆ ಟಿವಿ ಹಚ್ಚಿದರು. ಎಲ್ಲ ಮೊದಲಿನಂತೆಯೇ. ಆದರೆ ಅವರು ಅದನ್ನು ನೋಡುತ್ತಿರಲಿಲ್ಲ, ಇಟ್ಟಂಗಿಹಾಳದಾಕೆಗಾಗಿ ಹಚ್ಚಿದಂತಿತ್ತು. ನಡುವೆ ಎದ್ದು ಹಿಟ್ಟಿನ ಚೀಲಕ್ಕೆ ಒರಗಿ ಕೂರುವುದು ಶುರುವಾಯಿತು. ಮೊದಲು ಹಾಗೆ ಕೂತವರಲ್ಲ. ಮಳೆಗಾಲ ಮುಗಿಯುವ ಮೊದಲೇ ತಿಕೋಟಾದ ಹಿರಿಯರು ತೀರಿಕೊಂಡ ಸುದ್ದಿ ಬಂತು. ಹೋಗೋಣವೇ ಎಂದು ಕೇಳಿದೆ. 'ನಾ ಯಾರಂತ ಹೋಗ್ಲಿ ತಮ್ಮಾ?' ಅಂದರು.

ಒಂದು ದಿನ ತಡೆಯಲಾರದೆ, ನಾನು ಹಾಗೆ ಅನ್ನಬಾರದಿತ್ತು, ನಿಮ್ಮನ್ನು ಕರೆದೊಯ್ಯಬಾರದಿತ್ತು ಎಂದೆ. ಅವರು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟರು.

'ನೀ ಒಯ್ಯಲಿಲ್ಲ, ನಾ ಹೋದೆ. ಹೋಗಿದ್ದು ಚಲೋ ಆತು. ಇಷ್ಟ ವರ್ಷ ಆ ತಾಯಿ ಮ್ಯಾಲ ಸಿಟ್ಟಿತ್ತು. ಈಗ ಸಿಟ್ಟ ಮಾಡಾಕ ಯಾರೂ ಉಳದಿಲ್ಲ. ಅದ ಒಂದು ತ್ರಾಸು.'

ಕಳೆದ ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಕಾಕು ಹೋದರು. ಅವರು ನನಗೆ ಹಾಕಿದ ಊಟದ ಋಣ ದೊಡ್ಡದು. ಅದಕ್ಕಿಂತ ದೊಡ್ಡದು, ನನ್ನ ಚಾಷ್ಟಿಯ ಮಾತಿನ ಹೊರೆಯನ್ನು ನನ್ನ ಹೆಗಲಿನಿಂದ ಇಳಿಸಿ ತಾವೇ ಹೊತ್ತದ್ದು. ಆ ಪ್ರಯಾಣ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ನಾನು ಇನ್ನೂ ತೀರ್ಮಾನಿಸಿಲ್ಲ.

ಹೋದ ತಿಂಗಳು ತಿಕೋಟಾದ ಸೊಸೆ ನನ್ನ ಅಂಗಡಿಗೆ ಯಾವುದೋ ಕಾಗದದ ಪ್ರತಿ ತೆಗೆಸಲು ಬಂದಿದ್ದಳು. ಪಕ್ಕದ ಮುಚ್ಚಿದ ಶಟರ್ ನೋಡಿದಳು. ನಾವು ಹೋದ ಮೇಲೆ ಮಾವ ಎರಡು ದಿನ ಊಟ ಬಿಟ್ಟಿದ್ದರೆಂದೂ ಮೂರನೇ ದಿನ ತಾವೇ ರೊಟ್ಟಿ ಕೇಳಿದರೆಂದೂ ಹೇಳಿದಳು. ನಾನು ಪ್ರತಿಗಳನ್ನು ಜೋಡಿಸಿ ಅವಳ ಕೈಗಿಟ್ಟೆ. ಅವತ್ತು ಆ ಪಡಸಾಲೆಯಲ್ಲಿ ನಾಲ್ವರಿದ್ದೆವು. ಈಗ ಉಳಿದಿರುವುದು ಒಳಬಾಗಿಲಲ್ಲಿ ನಿಂತಿದ್ದ ಆ ಸೊಸೆ, ಮತ್ತು ನಾನು.