ಟೇಲರ್ ಮಾವನ ಬಾಯಿ

ಭಾವಿಕೇರಿಯಲ್ಲಿ ನಮ್ಮ ಪಕ್ಕದ ಮನೆಯವರು ಟೇಲರ್. ನಾವೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಯೋಚನೆಗಿಂತ ಮೊದಲೇ ಅವರ ಮಾತು ಹೊರಬೀಳುತ್ತಿತ್ತು. ಅಳತೆ ತೆಗೆಯುತ್ತ, "ಹೋದ ವರ್ಷಕ್ಕಿಂತ ಎರಡು ಇಂಚು ಹೆಚ್ಚು ಅದೆಯಲ್ಲೇ ತಂಗಿ!" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿ, ಆಮೇಲೆ ಕೊರಳಿನ ಟೇಪನ್ನು ಬಾಯಿಗೆ ಒತ್ತಿಕೊಂಡು, "ಥೋ, ಬಾಯಿ ಜಾರ್ತು" ಎನ್ನುವರು.

ಅಕ್ಕನನ್ನು ನೋಡಲು ಕಾರವಾರದಿಂದ ಗಂಡಿನ ಕಡೆಯವರು ಬಂದ ದಿನ ಅಪ್ಪ ಮಾವನನ್ನೂ ಕರೆದಿದ್ದರು. "ನೀ ಮಾತಾಡೂಕೆ ಹೋಗಬೇಡ ಮಾರಾಯ, ನಗ್ತಾ ಕೂತ್ಕೋ ಸಾಕು" ಎಂದು ಬಾಗಿಲಲ್ಲೇ ಎಚ್ಚರಿಸಿದ್ದರು.

ಮಾವ ಅರ್ಧ ಗಂಟೆ ನಗುತ್ತಲೇ ಕೂತರು. ಅಕ್ಕ ಚಹಾ ತಂದುಕೊಟ್ಟಳು. ಒಂದು ಗುಟುಕು ಕುಡಿದದ್ದೇ ಮಾವ, "ಇವತ್ತು ಚಾ ಬೆಸ್ಟ್ ಅದೆ! ಹಿಂದೆ ನಾಲ್ಕು ಸಲ ಗಂಡಿನವರು ಬಂದಾಗ ಇಷ್ಟು ಚಲೋ ಆಗಿರ್ಲಿಲ್ಲ" ಎಂದರು.

ಅಪ್ಪನ ಮುಖ ಬಿಳಿಚಿತು. ಹುಡುಗನ ತಾಯಿ ಲೋಟ ಕೆಳಗಿಟ್ಟರು. ಆಗ ಹುಡುಗ, "ನಂಗೆ ಇದು ಏಳನೇ ಮನೆ ಚಾ. ಎಲ್ಲದಕ್ಕಿಂತ ಇದೇ ಚಲೋ ಅದೆ" ಎಂದ. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಅಕ್ಕ ಅವನನ್ನು ನೋಡಿ ನಕ್ಕೇಬಿಟ್ಟಳು.

ಮದುವೆಯ ದಿನ ಅಪ್ಪ ಉಪಾಯವಾಗಿ ಮಾವನನ್ನು ಅಡುಗೆಯವರ ಉಸ್ತುವಾರಿಗೆ ಕಳಿಸಿದರು. ಊಟದ ಹೊತ್ತಿಗೆ ಭಾವನೇ ಎದ್ದುಹೋಗಿ, ಕೈ ಹಿಡಿದು ಕರೆತಂದು, ಅವರನ್ನು ತನ್ನ ಪಕ್ಕದ ಎಲೆಗೆ ಕೂರಿಸಿಕೊಂಡರು.