ಇಸ್ತ್ರಿ ಅಂಗಡಿಯವಳ ಬಾಯಿ

ಬೀದಿಯವರೆಲ್ಲ ಅವಳನ್ನು ಕೆಂಡಕ್ಕ ಅಂತಲೇ ಕರೆಯುವುದು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಾಳೆ ಅಂತಲ್ಲ, ಬಾಯಿ ಹಾಗಿತ್ತು. ಕಾಲರ್ ಸರಿಯಾಗಿ ಕೂತಿಲ್ಲ ಅಂತ ಯಾರಾದರೂ ಕೊಂಕು ತೆಗೆದರೆ ಮುಗೀತು, ಅಂಗಿಯ ಜೊತೆ ಅವನ ಮಾನವನ್ನೂ ಮಡಚಿ ಕೈಗೆ ಕೊಡುತ್ತಿದ್ದಳು. ಆದರೂ ಗಿರಾಕಿಗಳು ಬಿಟ್ಟು ಹೋಗಲಿಲ್ಲ. ಅಷ್ಟು ಚೊಕ್ಕ ಕೆಲಸ.

ಅಂಗಡಿಯ ಹಿಂದಿನ ಕೋಣೆಯಲ್ಲೇ ಸಂಸಾರ. ಸಂಸಾರ ಅಂದರೆ ಅವಳು ಮತ್ತು ಅವಳಮ್ಮ. ಲಕ್ವ ಹೊಡೆದು ಅಮ್ಮನ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಎತ್ತಿ ಕೂರಿಸೋದು, ಸ್ನಾನ ಮಾಡಿಸೋದು, ಅನ್ನ ಕಿವುಚಿ ತಿನ್ನಿಸೋದು, ಹೊಲಸು ಬಳಿಯೋದು ಎಲ್ಲ ಇವಳದೇ. ಅಣ್ಣ ಅನ್ನಿಸಿಕೊಂಡವನು ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದ. ಅಪರೂಪಕ್ಕೆ ಒಂದು ಚೀಲ ಕಿತ್ತಳೆ ಹಿಡಿದು ಬರುತ್ತಿದ್ದ, ಅಮ್ಮನ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದ, ಹೋಗುತ್ತಿದ್ದ. ಒಮ್ಮೆ ಹೊರಡುವಾಗ, "ಅಮ್ಮ ಇಳಿದುಹೋಗಿದಾಳಲ್ಲೇ, ಸರಿಯಾಗಿ ಊಟ ಹಾಕ್ತೀಯ ತಾನೆ?" ಅಂದ. ಕಿತ್ತಳೆ ಒಂದೊಂದಾಗಿ ಬೀದಿಗೆ ಬಂದು ಬಿದ್ದವು. ಹಿಂದೆಯೇ ಅವನೂ ಬಂದ. "ಇನ್ನೊಂದ್ಸಲ ಈ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ!"

ಅಣ್ಣ ನೆಟ್ಟಗೆ ಕೋರ್ಟಿಗೆ ಹೋದ. ತಂಗಿ ತಾಯಿಯನ್ನು ಕೂಡಿಹಾಕಿದ್ದಾಳೆ, ಮಗನಿಗೆ ಮುಖ ತೋರಿಸುತ್ತಿಲ್ಲ, ತಾಯಿಯನ್ನು ನನ್ನ ಮನೆಗೆ ಕಳಿಸಿಕೊಡಿ ಅಂತ ಅರ್ಜಿ. ಜಡ್ಜು ಅದನ್ನು ಓದಿ, ಮೊದಲು ಕೂತು ಮಾತಾಡಿಕೊಳ್ಳಿ ಅಂತ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು.

"ಮಾತಾಡೋದಾ? ಅವನ ಜೊತೆ? ಥೂ!" ಅಂತ ಬೈಯುತ್ತಲೇ ಅಮ್ಮನನ್ನು ಗಾಡಿ ಹತ್ತಿಸಿದಳು. ಅಮ್ಮ ಕೈತಪ್ಪಿ ಹೋದರೆ ಏನು ಗತಿ ಅನ್ನುವ ಭಯ ಹೊಟ್ಟೆಯಲ್ಲಿತ್ತು. ಅವಳ ಭಯವೂ ಹೊರಗೆ ಬರುವಷ್ಟರಲ್ಲಿ ಸಿಟ್ಟೇ ಆಗಿರುತ್ತಿತ್ತು.

ಕೋರ್ಟಿನ ಹಿಂಭಾಗದಲ್ಲಿ ಒಂದು ಕೋಣೆ. ದುಂಡು ಮೇಜು, ನೀರಿನ ಜಗ್ಗು, ಕಿರುಗುಟ್ಟುವ ಫ್ಯಾನು. ಮಧ್ಯಸ್ಥಿಕೆಯ ಮೇಡಂ ಮೊದಲೇ ಹೇಳಿದರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಕೆಂಡಕ್ಕನಿಗೆ ಅದಕ್ಕಿಂತ ಜೈಲೇ ವಾಸಿ.

"ಹೆತ್ತ ತಾಯಿ ಮೇಡಂ, ನೆನೆಸ್ಕೊಂಡ್ರೆ ಕರುಳು ಕಿತ್ತು ಬರುತ್ತೆ," ಅಂತ ಅಣ್ಣ ಶುರುಮಾಡಿದ.

"ಕರುಳಂತೆ ಕರುಳು! ಅಮ್ಮಂಗೆ ಯಾವ ಕೈಗೆ ಲಕ್ವ ಹೊಡೆದಿದೆ ಅಂತ ಕೇಳಿ ಇವನ್ನ!"

ಅಣ್ಣ ತಬ್ಬಿಬ್ಬಾಗಿ ಅಮ್ಮನ ಕೈಗಳ ಕಡೆ ನೋಡಿದ. ಗೆದ್ದೆ ಅಂದುಕೊಂಡಳು ಇವಳು.

ಆಮೇಲೆ ಮೇಡಂ ಇಬ್ಬರನ್ನೂ ಹೊರಗೆ ಕಳಿಸಿ ಅಮ್ಮನೊಬ್ಬಳ ಹತ್ತಿರ ಮಾತಾಡಿದರು. ಬೆಂಚಿನ ಈ ತುದಿಗೆ ತಂಗಿ, ಆ ತುದಿಗೆ ಅಣ್ಣ. ಒಳಗೆ ಏನು ಮಾತು ನಡೆದಿರುತ್ತದೆ ಅಂತ ಅವಳಿಗೆ ಗೊತ್ತೇ ಇತ್ತು. ಮಗಳಿಲ್ಲದಿದ್ದರೆ ಎಂದೋ ಮಣ್ಣಾಗುತ್ತಿದ್ದೆ ಅಂತಾಳೆ ಅಮ್ಮ. ಹೇಳಲಿ, ಇವನ ಮುಖಕ್ಕೆ ಹೊಡೆದ ಹಾಗೆ ಹೇಳಲಿ.

ಬಾಗಿಲು ತೆರೆಯಿತು. "ನಿಮ್ಮಮ್ಮ ತಾವೇ ಹೇಳ್ತೀನಿ ಅಂದ್ರು. ಕೇಳಿ," ಅಂದರು ಮೇಡಂ.

ಅಮ್ಮ ಯಾರ ಮುಖವನ್ನೂ ನೋಡಲಿಲ್ಲ. "ನಾನು ಇವನ ಜೊತೆ ಹೋಗ್ತೀನಿ."

"ಏನಂದೆ?"

"ನೀನು ಮಾಡಿದ್ದನ್ನ ಇನ್ಯಾರೂ ಮಾಡಲ್ಲ ಕಣೇ. ಆದ್ರೆ ನಿನ್ನ ಬಾಯಿಗೆ ಹೆದರಿಕೆ ಆಗುತ್ತೆ. ರಾತ್ರಿ ಒಂದಕ್ಕೆ ಅಂತ ಏಳಿಸಿದ್ರೆ ಬೈತೀಯಲ್ಲ, ಅದಕ್ಕೆ ಸಂಜೆಯಿಂದ ನೀರೇ ಕುಡಿಯಲ್ಲ ನಾನು."

ಕೆಂಡಕ್ಕನ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮೇಲೆ, ಮೇಡಂ ಮೇಲೆ, ಆ ಹಾಳು ಫ್ಯಾನಿನ ಮೇಲೆ. ಸೊಂಟ ಮುರಿಯೋ ಹಾಗೆ ದುಡಿದವಳು ನಾನು, ಹೆದರಿಕೆಯಂತೆ ಹೆದರಿಕೆ! ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಅಷ್ಟೊಂದು ಹೆದರಿಸಿದೀನಾ ನಾನು? ಒಂದ್ಸಲನಾದ್ರೂ ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ ದಾಡಿ?" ಅಂತ ಕೂಗುತ್ತ ಕೈ ಎತ್ತಿದಳು. ಕೈ ಎತ್ತಿ ಮಾತಾಡುವುದು ಅವಳ ಅಭ್ಯಾಸ, ಅಷ್ಟೇ. ಒಂದು ದಿನವೂ ಹೊಡೆದವಳಲ್ಲ.

ಅಮ್ಮ ಕಣ್ಣು ಮುಚ್ಚಿ ಕತ್ತನ್ನು ಒಳಕ್ಕೆ ಎಳೆದುಕೊಂಡಳು. ಚೆನ್ನಾಗಿದ್ದ ಎಡಗೈ ತಾನಾಗಿ ಮುಖಕ್ಕೆ ಅಡ್ಡ ಬಂತು.

ಮೇಡಂ ನೋಡಿದರು. ಅಣ್ಣ ನೋಡಿದ, ನೋಡಿ ತಲೆ ತಗ್ಗಿಸಿದ. ಕೆಂಡಕ್ಕ ಕೈ ಇಳಿಸಿ ಕೂತಳು. ಬಾಯಿ ತುಂಬ ಬೈಗುಳ ಇತ್ತು, ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಕೊನೆಗೆ ಅಣ್ಣನ ಕಡೆ ತಿರುಗದೆ ಅಂದಳು: "ಕರ್ಕೊಂಡು ಹೋಗು. ಬಲಗಡೆಯಿಂದ ಎತ್ತಬೇಡ, ನೋಯುತ್ತೆ. ಸಂಜೆ ಹೊಟ್ಟೆ ತುಂಬ ನೀರು ಕುಡಿಸು. ರಾತ್ರಿ ಏಳಿಸಿದ್ರೆ ಬಾಯ್ಮುಚ್ಕೊಂಡು ಏಳು."