ಓವನ್ ದೀಪದಡಿಯ ಬಿಯರ್

ಸಾಮ್ರಾಜ್ಯಗಳು ಅಳಿಯುತ್ತವೆ, ರುಚಿ ಮಾತ್ರ ಉಳಿಯುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ಆಸ್ಟಿನ್‌ನಿಂದ ಫ್ರಿಸ್ಕೋಗೆ ಶಿಫ್ಟ್ ಆಗಿ ಇಲ್ಲಿಯ ಟೊಮೆಟೊ ತಿಂದೆ.

ಇವತ್ತು ಅಡುಗೆಮನೆಯ ಓವನ್ ತೆರೆದರೆ ಒಳಗೆ ದೀಪ ಉರಿಯುತ್ತಿತ್ತು. ದೋಸೆ ಹಿಟ್ಟು ಹುಳಿವಾಸನೆ ಬೀರುತ್ತ ಬೆಚ್ಚಗೆ ಕುಳಿತಿತ್ತು. ಚಳಿಗಾಲದಲ್ಲಿ ಹಿಟ್ಟು ಹುದುಗಲು ನಮ್ಮವರು ಕಂಡುಕೊಂಡ ಉಪಾಯ ನಿಮಗೂ ಗೊತ್ತಿದ್ದೀತು: ಓವನ್ ಹಚ್ಚಬಾರದು, ದೀಪ ಮಾತ್ರ ಹಾಕಬೇಕು. ಆ ವಾಸನೆಗೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಕುಲಕರ್ಣಿ ಅಂಕಲ್ ನೆನಪಾದರು.

ಆಗ ನಾನು ಆಸ್ಟಿನ್‌ನಲ್ಲಿ ಓದುತ್ತಿದ್ದೆ. ಭಾನುವಾರಗಳಂದು ಅವರ ಮನೆಯ ಊಟಕ್ಕೆ ನಿಷ್ಠೆಯಿಂದ ಹಾಜರಾಗುತ್ತಿದ್ದೆ. ಧಾರವಾಡದ ಅಂಕಲ್ ಗ್ಯಾರೇಜಿನಲ್ಲಿ ಬಿಯರ್ ತಯಾರಿಸುತ್ತಿದ್ದರು. ಊಟದ ಋಣಕ್ಕೆ ನಾನು ಉಪನ್ಯಾಸ ಕೇಳಬೇಕಿತ್ತು. ವಿಷಯ ಒಂದೇ: ಇಂಗ್ಲೆಂಡಿನ ‘ಮೈಲ್ಡ್’ ಎಂಬ ಬಿಯರಿನ ಪತನ.

“ಮೊದಲನೇ ಮಹಾಯುದ್ಧಕ್ಕ ಮುಂಚೆ ಭಾಳ ಗಟ್ಟಿ ಇತ್ತೋ ತಮ್ಮಾ. ಯುದ್ಧ ಬಂತು, ಧಾನ್ಯ ಬ್ರೆಡ್ಡಿಗೆ ಬೇಕಾತು. ಬಿಯರ್ ತೆಳ್ಳಗ ಮಾಡ್ರಿ ಅಂತು ಸರ್ಕಾರ.”

“ಯುದ್ಧ ಮುಗಿದ ಮೇಲೆ ಸರಿಹೋಗ್ಲಿಲ್ವಾ ಅಂಕಲ್?”

“ಎಲ್ಲಿ ಸರಿಹೋಗ್ತದ? ಅಷ್ಟೊತ್ತಿಗೆ ಮಂದಿಗೆ ತೆಳು ರುಚಿನೇ ರೂಢಿ ಆಗಿತ್ತು. ಮುಂದ ಮೊಮ್ಮಕ್ಕಳು ಬಂದ್ರು, ಇದು ಮುದುಕರ ಬಿಯರ್ ಅಂತ ಬಿಟ್ಟು ತಣ್ಣನ ಲಾಗರ್ ಬಿಯರ್ ಹಿಡಿದ್ರು.”

ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ಹೆಮ್ಮೆಪಡುವ ನಾಡಿನವನಿಗೆ ಇದರಲ್ಲಿ ಶೋಕಿಸುವಂಥದ್ದೇನೂ ಕಾಣಲಿಲ್ಲ. ಆದರೆ ಅಂಕಲ್ ಪಣ ತೊಟ್ಟಿದ್ದರು: ಯುದ್ಧಪೂರ್ವದ ಗಟ್ಟಿ ಮೈಲ್ಡ್ ಮಾಡಿ ಆಸ್ಟಿನ್‌ನ ಬಿಯರ್ ಕ್ಲಬ್ಬಿನ ಸ್ಪರ್ಧೆ ಗೆಲ್ಲಬೇಕು. ಹಿಂದಿನ ಸಲ ಅವರ ಬಿಯರನ್ನು ಅಲ್ಲಿ ಯಾರೂ ಎರಡನೆಯ ಗುಟುಕು ಕುಡಿದಿರಲಿಲ್ಲ.

ಜನವರಿಯಲ್ಲಿ ಅಂಕಲ್ ಕೆಲಸದ ಮೇಲೆ ವಾರವೆಲ್ಲ ಹ್ಯೂಸ್ಟನ್‌ನಲ್ಲಿದ್ದು ಮರಳಿದ ಭಾನುವಾರ ಇಬ್ಬರೂ ಗ್ಯಾರೇಜಿಗೆ ಹೋದೆವು. ಹುದುಗಲು ಇಟ್ಟಿದ್ದ ಬಿಯರಿನ ಬಕೆಟ್ಟೇ ಇಲ್ಲ.

“ಓವನ್‌ನಾಗ ಅದ,” ಎಂದರು ಅಡುಗೆಮನೆಯಿಂದ ಆಂಟಿ, ಚಪಾತಿ ಲಟ್ಟಿಸುತ್ತ. “ಥಂಡ್ಯಾಗ ಸುಮ್ಮ ಕೂತಿತ್ತು ಪಾಪ. ಲೈಟ್ ಹಚ್ಚಿ ಇಟ್ಟೀನಿ. ಹೆಂಗ ಉಬ್ಬೇದ ನೋಡ್ರಿ!”

“ಅದೇನು ದ್ವಾಸಿ ಹಿಟ್ಟೇನ? ತಂಪಿನ್ಯಾಗ ಇರಬೇಕಿತ್ತು!”

“ಜನ್ಮದಾಗ ಒಮ್ಮೆರೆ ಹಿಟ್ಟು ಹುದುಗಿಸೀರೇನು ನೀವು?”

ಅಂಕಲ್ ಓವನ್ ತೆರೆದು ಬಕೆಟ್ಟನ್ನು ಹೊರಗೆಳೆದರು.

ಬಿಸಿಗೆ ಯೀಸ್ಟ್ ಕೆರಳಿ ಬಿಯರ್ ಮಾಗಿದ ಬಾಳೆಹಣ್ಣಿನಂತೆ ಘಮಘಮಿಸುತ್ತಿತ್ತು. ಮತ್ತೆ ಮಾಡಲು ಸಮಯವಿರಲಿಲ್ಲ. ಅದನ್ನೇ ಬಾಟಲಿಗೆ ತುಂಬಿ ಸ್ಪರ್ಧೆಗೆ ಒಯ್ದೆವು. ತೀರ್ಪುಗಾರರು ಮೂಸಿದರು, ಕುಡಿದರು, ಇದು ಮೈಲ್ಡ್ ಅಲ್ಲವೇ ಅಲ್ಲ ಎಂದು ಸ್ಪರ್ಧೆಯಿಂದ ಕೈಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಬಂದು ಇನ್ನೊಂದು ಲೋಟ ಕೇಳಿದರು.

ಅಂಕಲ್ ಬಗ್ಗಿಸಿ ಕೊಟ್ಟರು. ಡ್ರೈವ್ ಮಾಡುತ್ತ ಮನೆ ಹತ್ತಿರವಾದಾಗ, “ಮೈಲ್ಡ್ ಕೆಡಲಿಕ್ಕ ಯುದ್ಧ ಕಾರಣ ಆತು, ಮಂದಿ ರುಚಿ ಕಾರಣ ಆತು. ನಿಮ್ಮ ಆಂಟಿನ್ನ ಮಾತ್ರ ಇತಿಹಾಸದವರು ಲೆಕ್ಕಕ್ಕ ಹಿಡಿದಿಲ್ಲ ನೋಡು,” ಎಂದರು.

ಇವತ್ತು ನಾನು ನನ್ನ ಓವನ್ ಬಾಗಿಲನ್ನು ಗೌರವದಿಂದ ಮುಚ್ಚಿದೆ. ರುಚಿ ಉಳಿಯುತ್ತದೆಂಬ ನಂಬಿಕೆ ಹೋದದ್ದಕ್ಕೆ ಬೇಸರವೇನೂ ಆಗಲಿಲ್ಲ. ಕುಲಕರ್ಣಿಯವರ ಮನೆಯಲ್ಲಿ ಈಗ ಬಿಯರ್ ಓವನ್‌ನಲ್ಲಿರುತ್ತದೆ; ದೋಸೆ ಹಿಟ್ಟು ಗ್ಯಾರೇಜಿನಲ್ಲಿ.